ಗೋಡೆ ದಾಟುವ ಗುಂಯ್: ಅಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರ್

ಹಾಡಿನ ತೀರ ಕೆಳಗಿನ ಸ್ವರಗಳನ್ನು, ಅಂದರೆ ಬೇಸ್ ಅನ್ನು, ನುಡಿಸುವ ಸ್ಪೀಕರ್ ಡಬ್ಬಕ್ಕೆ ಸಬ್‌ವೂಫರ್ ಎನ್ನುತ್ತಾರೆ. ಅದು ಮನೆಗೆ ಬಂದ ಮೂರನೇ ದಿನ ಸಂಜೆ ಕೆಳಗಿನ ಮನೆಯ ಹಿರಿಯರು ಬಂದು ಬಾಗಿಲು ತಟ್ಟಿದರು. ಜಗಳಕ್ಕೆ ಬಂದ ಮುಖ ಅಲ್ಲ. ಏನೋ ಅರ್ಥವಾಗದೆ ಬಂದ ಮುಖ. “ನಿಮ್ಮ ಮನ್ಯಾಗ ಮಷೀನ್ ಏನಾದ್ರೂ ಹಾಕೀರೇನು? ಒಂದೇ ಸಮ ಗುಂಯ್ ಅಂತೈತಲ್ಲ” ಎಂದರು.

ಅವರು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಯಂತ್ರಗಳ ಜೊತೆ ಬದುಕಿದ ಕಿವಿ ಅದು. ಸುಮ್ನೆ ದೂರು ಹೇಳುವ ಜನವೂ ಅಲ್ಲ. ನನಗೆ ಆಶ್ಚರ್ಯ ಆಗಿದ್ದು ಏನೆಂದರೆ, ಆ ಹೊತ್ತಿನಲ್ಲಿ ನಾನು ಸಂಗೀತವನ್ನು ಜೋರಾಗಿ ಹಾಕಿರಲೇ ಇಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಯ ಜೊತೆ ದನಿ ಏರಿಸದೆ ಮಾತಾಡುತ್ತಿದ್ದೆ. ಕೆಳಗಿನವರಿಗೆ ಹಾಡು ಕೇಳಿಸಿರಲಿಲ್ಲ, ತಬಲ ಕೇಳಿಸಿರಲಿಲ್ಲ. ಕೇಳಿಸಿದ್ದು ಒಂದೇ ಒಂದು ಸ್ವರ. ಆ ಸ್ವರ ನನಗೆ ಕೇಳಿಸುತ್ತಿರಲಿಲ್ಲ!

ಇದು ಹೇಗೆ ಸಾಧ್ಯ ಎಂದು ಹುಡುಕುತ್ತಾ ಹೋದೆ. ಆಮೇಲೆ ಗೊತ್ತಾಯಿತು, ಅಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರ್ ಇಡುವುದು ಎಂದರೆ ವಾಲ್ಯೂಮ್ ಕಡಿಮೆ ಮಾಡುವುದಷ್ಟೇ ಅಲ್ಲ. ಡಬ್ಬವನ್ನು ಎಲ್ಲಿ ಇಡುತ್ತೀರಿ, ನೀವು ಎಲ್ಲಿ ಕೂರುತ್ತೀರಿ ಎನ್ನುವುದರ ಮೇಲೆ ಮುಕ್ಕಾಲು ಭಾಗ ನಿಂತಿದೆ.

ಬೇಸ್ ಮಾತ್ರ ಯಾಕೆ ಗೋಡೆ ದಾಟುತ್ತದೆ?

ಗಣಪತಿ ಮೆರವಣಿಗೆಯ ಡಿಜೆ ನೆನಪು ಮಾಡಿಕೊಳ್ಳಿ. ಎರಡು ಬೀದಿ ಆಚೆ ಇರುವಾಗ ಯಾವ ಹಾಡು ಎಂದು ಗೊತ್ತಾಗುವುದಿಲ್ಲ. ಬರುವುದು ಧುಮ್ ಧುಮ್ ಮಾತ್ರ. ಹತ್ತಿರ ಬಂದಮೇಲೆ ತಮಟೆ ಕೇಳಿಸುತ್ತದೆ, ಮನೆ ಮುಂದೆ ಬಂದಾಗ ಹಾಡಿನ ಪದ. ನಡುವೆ ಇರುವ ಕಟ್ಟಡಗಳು ಮೇಲಿನ ಸ್ವರಗಳನ್ನೆಲ್ಲ ಸೋಸಿ ಕೆಳಗಿನದನ್ನು ಮಾತ್ರ ಬಿಟ್ಟಿರುತ್ತವೆ. ನಿಮ್ಮ ಹಾಲ್ ಮತ್ತು ಪಕ್ಕದ ಮನೆಯ ಮಲಗುವ ಕೋಣೆಯ ನಡುವಿನ ಗೋಡೆ ಮಾಡುವುದೂ ಇದೇ ಕೆಲಸ.

ಗೋಡೆ ಸದ್ದನ್ನು ತಡೆಯುವುದು ಮುಖ್ಯವಾಗಿ ತನ್ನ ಭಾರದಿಂದ. ಗಾಳಿಯ ಅಲೆ ಬಂದು ಗೋಡೆಯನ್ನು ತಳ್ಳುತ್ತದೆ. ಗೋಡೆ ಒಂದು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಅಲುಗುತ್ತದೆ. ಅಷ್ಟು ಅಲುಗಿದರೂ ಆಚೆ ಬದಿಯ ಗಾಳಿಯಲ್ಲಿ ಸದ್ದು ಹುಟ್ಟುತ್ತದೆ. ಅಲೆ ಬೇಗ ಬೇಗ ತಳ್ಳಿದರೆ ಭಾರದ ಗೋಡೆಗೆ ಅಲುಗಲು ಪುರುಸೊತ್ತು ಸಿಗುವುದಿಲ್ಲ. ನಿಧಾನವಾಗಿ ತಳ್ಳಿದರೆ ಸಿಗುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಎಣಿಕೆ (ಅದೇ ಹರ್ಟ್ಜ್) ಅರ್ಧಕ್ಕೆ ಇಳಿದಾಗೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬಲ್ ಕಡಿಮೆ ಆಗುತ್ತದೆ. ಡೆಸಿಬಲ್ ಎಂದರೆ ಸದ್ದಿನ ಬಲದ ಅಳತೆ. 1000 ಹರ್ಟ್ಜ್‌ನಿಂದ 62 ಹರ್ಟ್ಜ್‌ಗೆ ಬರಲು ನಾಲ್ಕು ಸಲ ಅರ್ಧ ಮಾಡಬೇಕು. ಅಂದರೆ ಮಾತಿನ ಸದ್ದನ್ನು ಚೆನ್ನಾಗಿ ತಡೆಯುವ ಅದೇ ಗೋಡೆ ಬೇಸ್ ಮುಂದೆ 24 ಡೆಸಿಬಲ್‌ನಷ್ಟು ಸೋತಿರುತ್ತದೆ. ನಿಜವಾದ ಗೋಡೆಗಳು ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಪಾಲಿಸುವುದಿಲ್ಲ. ಆದರೆ ದಿಕ್ಕು ಇದೇ.

ಇನ್ನೊಂದು ಕಾರಣ ಅಲೆಯ ಉದ್ದ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. 40 ಹರ್ಟ್ಜ್ ಅಲೆಯ ಉದ್ದ 28 ಅಡಿ. ನಿಮ್ಮ ಹಾಲ್‌ಗಿಂತ ಉದ್ದ! ಗೋಡೆಗೆ ಫೋಮ್ ಅಂಟಿಸಿದರೆ ನಿಲ್ಲುತ್ತದಾ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಗೋಡೆಗೆ ಅಂಟಿಸಿದ ಮೆತ್ತನೆ ವಸ್ತು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯ ಕಾಲು ಭಾಗದ ಹತ್ತಿರ ಇರಬೇಕು. 40 ಹರ್ಟ್ಜ್‌ಗೆ ಅದು 7 ಅಡಿ. ಒಂದು ಇಂಚಿನ ಫೋಮ್, ಮೊಟ್ಟೆ ಟ್ರೇ, ದಪ್ಪ ಪರದೆ, ಇವೆಲ್ಲ ನುಗ್ಗಿ ಬರುವ ಎಮ್ಮೆಗೆ ಮಂಡಕ್ಕಿ ಚೀಲ ಅಡ್ಡ ಇಟ್ಟ ಹಾಗೆ. ಕೋಣೆಯೊಳಗಿನ ಮಾರ್ದನಿ ಕಡಿಮೆ ಆಗಿ ಮಾತು, ಹಾಡು ಚೆನ್ನಾಗಿ ಕೇಳಿಸಬಹುದು. ಪಕ್ಕದ ಮನೆಗೆ ಹೋಗುವ ಬೇಸ್ ಮಾತ್ರ ಹೋಗೇ ಹೋಗುತ್ತದೆ. ಇದಕ್ಕೆ ದುಡ್ಡು ಹಾಕಬೇಡಿ.

ಹಾಗಾದರೆ ಸಬ್‌ವೂಫರ್ ಇಡಲೇಬಾರದಾ? ಇಡಬಹುದು. ಅದಕ್ಕೆ ಕಿವಿಯ ಒಂದು ಗುಣ ನೆರವಿಗೆ ಬರುತ್ತದೆ.

ಕಿವಿಯ ಅಂಚು

ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿ ಒಂದು ನಕ್ಷೆ ಬರೆದರು. ಬೇರೆ ಬೇರೆ ಸ್ವರಗಳು ಕಿವಿಗೆ ಒಂದೇ ಸಮ ಜೋರು ಅನ್ನಿಸಬೇಕಾದರೆ ಒಂದೊಂದಕ್ಕೂ ಎಷ್ಟು ಬಲ ಬೇಕು ಎಂಬ ನಕ್ಷೆ. ಈಗ ಅದರ ಸುಧಾರಿಸಿದ ರೂಪ ಅಂತರರಾಷ್ಟ್ರೀಯ ಮಾನಕವಾಗಿದೆ. ಅದರ ಪ್ರಕಾರ 1000 ಹರ್ಟ್ಜ್‌ನ ಸದ್ದು 2–3 ಡೆಸಿಬಲ್ ಇದ್ದರೂ ಒಳ್ಳೆ ಕಿವಿಗೆ ಕೇಳಿಸುತ್ತದೆ. 40 ಹರ್ಟ್ಜ್‌ನ ಸದ್ದು ಕೇಳಿಸಲು 51 ಡೆಸಿಬಲ್ ಬೇಕು. ಅದಕ್ಕಿಂತ ಕೆಳಗೆ ಇದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇದರ ಇನ್ನೊಂದು ಮುಖ ಇನ್ನೂ ಮುಖ್ಯ. ಮಾತಿನ ಸ್ವರಗಳಲ್ಲಿ ಸದ್ದು ಅರ್ಧ ಆಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಸಬೇಕು. 40 ಹರ್ಟ್ಜ್ ಹತ್ತಿರ, ಅದೂ ಮೆತ್ತಗೆ ಕೇಳಿಸುವ ಮಟ್ಟದಲ್ಲಿ, 6–7 ಡೆಸಿಬಲ್ ಇಳಿಸಿದರೆ ಸಾಕು. ಬೇಸ್ ಕೇಳಿಸಲು ಶುರುವಾಗುವುದು ತಡ. ಶುರುವಾದಮೇಲೆ ಏರುವುದು ಬೇಗ.

ಈಗ ನಿಮ್ಮ ಪಕ್ಕದ ಮನೆಯವರ ಕಡೆಯಿಂದ ಯೋಚಿಸಿ. ಗೋಡೆ ದಾಟಿ ಅವರ ಕೋಣೆಗೆ ಬರುವ ಬೇಸ್ ಈ ಅಂಚಿನ ಆಸುಪಾಸಿನಲ್ಲೇ ಇರುತ್ತದೆ. ಅಂಚಿಗಿಂತ ಸ್ವಲ್ಪ ಕೆಳಗಿದ್ದರೆ ಅವರಿಗೆ ಏನೂ ಕೇಳಿಸುವುದಿಲ್ಲ. ಅಂಚು ದಾಟಿ ಎಂಟು ಹತ್ತು ಡೆಸಿಬಲ್ ಮೇಲೆ ಹೋದರೆ ನಿದ್ದೆ ಕೆಡುತ್ತದೆ. ಹಾಗಾಗಿ ಗೋಡೆಯನ್ನು ಬದಲಾಯಿಸುವ ಅಗತ್ಯವೇ ಇಲ್ಲ. ಎಲ್ಲಾದರೂ ಒಂದು ಹತ್ತು ಡೆಸಿಬಲ್ ಉಳಿಸಿದರೆ ಕೆಲಸ ಆಯಿತು. ನನ್ನ ಹುಡುಕಾಟವೆಲ್ಲ ಆ ಹತ್ತು ಡೆಸಿಬಲ್‌ಗಾಗಿ.

ಅದನ್ನು ಕಾಲು ಭಾಗ ನೆಲದಲ್ಲಿ, ಅರ್ಧ ಭಾಗ ಸೋಫಾ ಹಿಂದೆ, ಉಳಿದದ್ದು ಒಂದು ಬಟನ್‌ನಲ್ಲಿ ಹುಡುಕಿದೆ. ನೆಲದಲ್ಲಿ ಹುಡುಕಿದ್ದು ಹೆಚ್ಚುಕಡಿಮೆ ದಂಡ. ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಹಾಲ್‌ಗೂ ಒಂದು ಶ್ರುತಿ ಇದೆ

ಎದುರುಬದುರು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಯಾವುದೋ ಒಂದು ಸ್ವರದ ಅರ್ಧ ಅಲೆ ಆ ಅಂತರಕ್ಕೆ ಸರಿಯಾಗಿ ಕೂರುತ್ತದೆ. ಆ ಸ್ವರ ಮಾತ್ರ ಕೋಣೆಯಲ್ಲಿ ಉಬ್ಬುತ್ತದೆ. ಬಚ್ಚಲಲ್ಲಿ ಗುನುಗುವಾಗ ಒಂದು ಸ್ವರಕ್ಕೆ ಇಡೀ ಬಚ್ಚಲು ಝೇಂಕರಿಸುತ್ತದಲ್ಲ, ಅದೇ ಇದು. ಹಾಲ್ ದೊಡ್ಡದಾದ್ದರಿಂದ ಆ ಸ್ವರ ಬೇಸ್‌ನಲ್ಲಿ ಇರುತ್ತದೆ.

ಲೆಕ್ಕ ಬಹಳ ಸುಲಭ. ಶಬ್ದದ ವೇಗ 1130ರ ಅರ್ಧ, ಅಂದರೆ 565ನ್ನು ಗೋಡೆಗಳ ನಡುವಿನ ಅಡಿಗಳಿಂದ ಭಾಗಿಸಿ. ನಮ್ಮ ಹಾಲ್ 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಉದ್ದದ ಸ್ವರ 35 ಹರ್ಟ್ಜ್. ಅಗಲದ್ದು 51. ಎತ್ತರದ್ದು 56. ಅಗಲ ಮತ್ತು ಎತ್ತರ ಹತ್ತಿರ ಹತ್ತಿರ ಇರುವುದರಿಂದ 51, 56 ಎರಡೂ ಅಕ್ಕಪಕ್ಕ ನಿಂತು ಒಂದೇ ದೊಡ್ಡ ಗುಡ್ಡ ಆಗಿಬಿಟ್ಟಿವೆ. ನಮ್ಮ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗಳಲ್ಲಿ ಹಾಲ್ ಅಗಲ 10–11 ಅಡಿ ಇರುವುದು ಸಾಮಾನ್ಯ. ಹಾಗಾಗಿ ಈ ಗುಡ್ಡ ನಿಮ್ಮ ಮನೆಯಲ್ಲೂ ಇರಬಹುದು. ಟೇಪ್ ಹಿಡಿದು ಒಮ್ಮೆ ಅಳೆದು ನೋಡಿ.

ಈಗ ಕಥೆಯ ಮುಖ್ಯ ತಿರುವು. ಇಂಥ ಸ್ವರ ಕೋಣೆಯ ತುಂಬ ಒಂದೇ ಸಮ ಇರುವುದಿಲ್ಲ. ಗೋಡೆಯ ಹತ್ತಿರ ಜೋರು. ಎರಡು ಗೋಡೆಗಳ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ನನ್ನ ಸೋಫಾ ಎಲ್ಲಿತ್ತು? ಹಾಲ್‌ನ ಅಗಲದ ನಟ್ಟನಡುವೆ. ಟಿವಿ ಎದುರಿಗೆ ಎಲ್ಲರೂ ಇಡುವುದು ಅಲ್ಲೇ ಅಲ್ವಾ? ಅಂದರೆ 51 ಹರ್ಟ್ಜ್ ಸತ್ತು ಹೋಗುವ ಜಾಗದಲ್ಲೇ ನಾನು ಕೂತಿದ್ದೆ. ಎತ್ತರದ ಸ್ವರದ್ದೂ ಇದೇ ಕಥೆ. ಕೂತಾಗ ಕಿವಿ ನೆಲದಿಂದ ಮೂರೂವರೆ ಅಡಿ ಮೇಲೆ. ನೆಲ–ಛಾವಣಿಯ ನಡುಮಧ್ಯಕ್ಕೆ ದೂರವೇನಲ್ಲ. ಹಾಗಾಗಿ 56 ಕೂಡ ನನಗೆ ಅರ್ಧಂಬರ್ಧ. ಅದು ಪೂರ್ತಿ ಬಲದಿಂದ ಒತ್ತುವುದು ಎಲ್ಲಿ ಗೊತ್ತಾ? ನೆಲವನ್ನು ಮತ್ತು ಛಾವಣಿಯನ್ನು. ನಮ್ಮ ನೆಲ ಎಂದರೆ ಕೆಳಗಿನ ಹಿರಿಯರ ಛಾವಣಿ.

ನಾನು “ಬೇಸ್ ಸಾಲದು” ಎಂದು ನಾಬ್ ತಿರುಗಿಸುತ್ತಿದ್ದೆ. ನನಗೆ ಸಿಗದೇ ಇದ್ದ ಬೇಸ್ ಅವರ ಹಾಸಿಗೆಯ ಮೇಲೆ ಹೋಗಿ ಬೀಳುತ್ತಿತ್ತು.

ಮೂಲೆ ಬಿಡಿಸಿ, ಹತ್ತಿರ ತನ್ನಿ

ಸಬ್‌ವೂಫರ್ ತಂದವರು ಮೊದಲು ಇಡುವುದು ಮೂಲೆಯಲ್ಲಿ. ಕಾಲಿಗೆ ಅಡ್ಡ ಬರುವುದಿಲ್ಲ, ಬೇಸ್ ಕೂಡ ಜಾಸ್ತಿ ಬರುತ್ತದೆ. ಜಾಸ್ತಿ ಬರುವುದು ನಿಜ. ಮೂರು ಮೇಲ್ಮೈಗಳು ಸೇರುವ ಮೂಲೆ ಕೋಣೆಯ ಎಲ್ಲ ಸ್ವರಗಳನ್ನೂ ಪೂರ್ತಿ ಎಬ್ಬಿಸುತ್ತದೆ. ಒಂಟಿ ಮನೆಯಲ್ಲಿ ಇರುವವರಿಗೆ ಇದು ಲಾಭ. ಫ್ಲ್ಯಾಟ್‌ನಲ್ಲಿ ಇರುವವರಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ನಾನು ಅದನ್ನು ಎತ್ತಿ ಸೋಫಾದ ಬೆನ್ನಿಗೆ ಇಟ್ಟೆ. ಗೋಡೆಗೂ ಸೋಫಾಗೂ ನಡುವೆ, ಹಾಲ್ ಅಗಲದ ಮಧ್ಯದಲ್ಲಿ. ಇದರಿಂದ ಎರಡು ಲಾಭ ಒಟ್ಟಿಗೆ ಆಯಿತು. ಒಂದು, ಕಿವಿಯಿಂದ ಎರಡೇ ಅಡಿ ದೂರಕ್ಕೆ ಬಂತು. ಹತ್ತು ಅಡಿ ದೂರದಿಂದ ಕೂಗುವವನು ಪಕ್ಕಕ್ಕೆ ಬಂದು ಕೂತರೆ ಪಿಸುಗುಟ್ಟಿದರೂ ಕೇಳುತ್ತದೆ. ಬಯಲಿನಲ್ಲಾದರೆ ದೂರ ಅರ್ಧ ಆದಾಗೆಲ್ಲ 6 ಡೆಸಿಬಲ್ ಲಾಭ. ಕೋಣೆಯೊಳಗೆ ಬೇಸ್ ಅಷ್ಟು ನೇರವಾಗಿ ನಡೆದುಕೊಳ್ಳುವುದಿಲ್ಲ, ಲಾಭ ಕಡಿಮೆ ಆಗುತ್ತದೆ. ಆದರೂ ನನಗೆ ಅಷ್ಟೇ ಬೇಸ್ ಕೇಳಿಸಿಕೊಳ್ಳುತ್ತಾ ಸಬ್‌ವೂಫರ್ ಅನ್ನು 6 ಡೆಸಿಬಲ್‌ನಷ್ಟು ಇಳಿಸಲು ಆಯಿತು.

ಎರಡನೆಯ ಲಾಭ ಇನ್ನೂ ಚೆಂದ. ಒಂದು ಸ್ವರ ಎಲ್ಲಿ ಕೇಳಿಸುವುದಿಲ್ಲವೋ ಆ ಜಾಗದಲ್ಲಿ ಸಬ್‌ವೂಫರ್ ಇಟ್ಟರೆ ಅದು ಆ ಸ್ವರವನ್ನು ಎಬ್ಬಿಸಲೂ ಆರದು. ಜೋಕಾಲಿಯನ್ನು ಮೇಲೆ ಹಗ್ಗ ಕಟ್ಟಿದ ಜಾಗದಲ್ಲಿ ಹಿಡಿದು ತಳ್ಳಿದರೆ ಆಡುತ್ತದಾ? ಹಾಗೆ. ಅಗಲದ ನಡುವೆ ಇಟ್ಟಿದ್ದರಿಂದ 51ರ ಸ್ವರ ಬಹುಮಟ್ಟಿಗೆ ಎದ್ದೇ ಇಲ್ಲ. ಎರಡು ಗುಡ್ಡದಲ್ಲಿ ಒಂದು ಹೋಯಿತು. ಎತ್ತರದ 56 ಮಾತ್ರ ಉಳಿಯಿತು. ಡಬ್ಬ ನೆಲದ ಮೇಲೆ ಇರುವವರೆಗೆ ಅದು ಹೋಗುವುದಿಲ್ಲ. ನೆಲ–ಛಾವಣಿಯ ನಡುಮಧ್ಯಕ್ಕೆ, ಐದಡಿ ಎತ್ತರಕ್ಕೆ ಏರಿಸಿ ಇಡಬಹುದು ಎಂದು ಹೇಳಿದೆ. ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ.

ಸೋಫಾ ಹಿಂದೆ ಜಾಗ ಇಲ್ಲದವರು ಸೋಫಾ ಪಕ್ಕದಲ್ಲಿ ಸ್ಟೂಲ್ ಬದಲು ಇಡಬಹುದು. ಮೇಲೆ ಕಾಫಿ ಲೋಟ ಇಡಬೇಡಿ, ನಡುಗುತ್ತದೆ. ಇನ್ನೊಂದು ಹಳೆಯ ಉಪಾಯ ಇದೆ. ಸಬ್‌ವೂಫರ್ ಅನ್ನು ನೀವು ಕೂರುವ ಜಾಗದಲ್ಲಿ ಇಟ್ಟು, ಬೇಸ್ ಇರುವ ಹಾಡು ಹಾಕಿ, ನೆಲದ ಮೇಲೆ ಅಂಬೆಗಾಲಿಡುತ್ತಾ ಹಾಲ್ ಸುತ್ತುವುದು. ಎಲ್ಲಿ ಸದ್ದು ಎಲ್ಲ ಸ್ವರದಲ್ಲೂ ಸಮವಾಗಿ ಕೇಳಿಸುತ್ತದೋ ಅಲ್ಲಿ ಡಬ್ಬ ಇಡಬೇಕು. ಮಕ್ಕಳು ನೋಡಿ ನಗುತ್ತಾರೆ. ಉಪಾಯ ಮಾತ್ರ ಕೆಲಸ ಮಾಡುತ್ತದೆ.

ನಾಬ್‌ಗಳ ವಿಷಯ

ಕ್ರಾಸ್‌ಓವರ್ ಎಂಬ ನಾಬ್ ಎಲ್ಲಿಂದ ಕೆಳಗಿನ ಸ್ವರಗಳನ್ನು ಸಬ್‌ವೂಫರ್ ನೋಡಿಕೊಳ್ಳಬೇಕು ಎಂದು ಹೇಳುತ್ತದೆ. ಸಿನಿಮಾ ಸೆಟಪ್‌ಗಳಲ್ಲಿ 80 ಹರ್ಟ್ಜ್ ರೂಢಿ. ಸುಮಾರು ಅದಕ್ಕಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತು ಎಂದು ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಡಬ್ಬ ಬೆನ್ನ ಹಿಂದೆಯೇ ಇದ್ದರೆ ಇನ್ನೂ ಸ್ವಲ್ಪ ಇಳಿಸಿ. ನನ್ನ ಸ್ಪೀಕರ್‌ಗಳು ಐದು ಇಂಚಿನ ಸಣ್ಣವು. 65ಕ್ಕೆ ಇಟ್ಟುಕೊಂಡಿದ್ದೇನೆ. 100ರ ಮೇಲೆ ಇಟ್ಟರೆ ಗಂಡು ದನಿಯ ಕೆಳಭಾಗವೂ ಸೋಫಾ ಹಿಂದಿನಿಂದ ಬರಲು ಶುರುವಾಗುತ್ತದೆ, ಯಾರೋ ಬೆನ್ನ ಹಿಂದೆ ನಿಂತು ಗೊಣಗಿದ ಹಾಗೆ.

ಫೇಸ್ ಎಂಬ ಸ್ವಿಚ್ 0 ಅಥವಾ 180 ಎಂದಿರುತ್ತದೆ. ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಸಬ್‌ವೂಫರ್ ಹಿಂದೆ ಎಳೆದರೆ ಒಂದನ್ನೊಂದು ಕೊಲ್ಲುತ್ತವೆ. ನೀವು ಸೋಫಾದಲ್ಲಿ ಕೂತು, ಬೇರೆಯವರಿಗೆ ಸ್ವಿಚ್ ಬದಲಿಸಲು ಹೇಳಿ. ಬೇಸ್ ತುಂಬಿ ಬಂದ ಕಡೆ ಬಿಡಿ. ಇದು ತಪ್ಪಾಗಿದ್ದರೆ ಜನ ವಾಲ್ಯೂಮ್ ಏರಿಸಿ ಸರಿಮಾಡಲು ಹೋಗುತ್ತಾರೆ. ಅದರ ಫಲ ಉಣ್ಣುವುದು ಮತ್ತೆ ಕೆಳಗಿನವರೇ.

ಲೆವೆಲ್ ಬಗ್ಗೆ ಒಂದೇ ಮಾತು. ಸಬ್‌ವೂಫರ್ ಇದೆ ಎಂದು ಗೊತ್ತಾದರೆ ಅದು ಜಾಸ್ತಿ ಆಗಿದೆ. ಆಫ್ ಮಾಡಿದಾಗ ಏನೋ ಕಮ್ಮಿ ಆಯಿತು ಅನ್ನಿಸಿದರೆ ಸರಿಯಾಗಿದೆ. ಅಂಗಡಿಯಲ್ಲಿ ಕೇಳಿದ ಧಡ್ ಧಡ್ ಮನೆಯಲ್ಲೂ ಬೇಕು ಎನ್ನುವವರಿಗೆ ಈ ಲೇಖನದಿಂದ ಉಪಯೋಗ ಇಲ್ಲ.

ಹಳೆಯ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಸಬ್‌ವೂಫರ್‌ಗೆ ಬೇರೆ ಜ್ಯಾಕ್ ಇರುವುದಿಲ್ಲ. ಚಿಂತೆ ಬೇಡ. ಸ್ಪೀಕರ್ ತಂತಿಯನ್ನೇ ಸೇರಿಸುವ ಹೈ ಲೆವೆಲ್ ಇನ್‌ಪುಟ್ ಇರುವ ಸಬ್‌ವೂಫರ್ ಕೊಂಡರೆ ಆಯಿತು. ಕೊಳ್ಳುವಾಗ ವ್ಯಾಟ್ ನೋಡಿ ಮರುಳಾಗಬೇಡಿ. ನಮ್ಮಂಥ ಹಾಲ್‌ಗೆ ಎಂಟು ಅಥವಾ ಹತ್ತು ಇಂಚಿನದು ಬೇಕಾದಷ್ಟಾಯಿತು. ತೂತು ಇಲ್ಲದ ಮುಚ್ಚಿದ ಡಬ್ಬ ನನ್ನ ಆಯ್ಕೆ. ತೂತು ಇರುವ ಡಬ್ಬ ಅದೇ ಬೆಲೆಗೆ ಜೋರು ಸದ್ದು ಕೊಡುತ್ತದೆ. ಆದರೆ ನಮಗೆ ಬೇಕಾಗಿರುವುದು ಜೋರು ಅಲ್ಲವಲ್ಲ. ಮುಚ್ಚಿದ ಡಬ್ಬದಲ್ಲಿ ಸ್ವರ ಕೆಳಗೆ ಹೋದಂತೆ ಬೇಸ್‌ನ ಬಲ ನಿಧಾನವಾಗಿ ಇಳಿಯುತ್ತದೆ. ಪೆಟ್ಟು ಮುಗಿದ ಕೂಡಲೇ ಸದ್ದು ಥಟ್ಟನೆ ನಿಲ್ಲುತ್ತದೆ, ಗುಂಯ್ ಎಂದು ಎಳೆಯುವುದಿಲ್ಲ.

ವಚನ ಗಾಯನ, ಸುಗಮ ಸಂಗೀತ ಮಾತ್ರ ಕೇಳುವವರು ನೀವಾದರೆ ಸಬ್‌ವೂಫರ್ ಬೇಕಾಗಿಯೇ ಇಲ್ಲ. ಗಾಯಕರ ಗಂಟಲು ಅಷ್ಟು ಕೆಳಗೆ ಇಳಿಯುವುದಿಲ್ಲ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಕೆಳಗಿನ ಸ್ವರ 41 ಹರ್ಟ್ಜ್. ಸಿನಿಮಾ ಹಾಡು, ಡೊಳ್ಳು, ಇಂಥವು ಕೇಳುವವರಿಗೆ ಇದರ ಮಜ ಗೊತ್ತಾಗುವುದು.

ಜೋಡಿಸಿದ ಕೂಡಲೇ ಸುಮ್ನೆ ಹಮ್ ಎಂಬ ಸದ್ದು ಬರುತ್ತಿದ್ದರೆ ಅದು ಕರೆಂಟಿನದು. ನಮ್ಮ ಕರೆಂಟು 50 ಹರ್ಟ್ಜ್. ನೋಡಿ ನಮ್ಮ ಹಾಲ್‌ನ ಹಣೆಬರಹ, ಅಗಲದ ಸ್ವರ 51! ಆಂಪ್ಲಿಫೈಯರ್ ಒಂದು ಪ್ಲಗ್‌ನಲ್ಲಿ, ಸಬ್‌ವೂಫರ್ ಎದುರು ಗೋಡೆಯ ಪ್ಲಗ್‌ನಲ್ಲಿ ಇದ್ದಾಗ ಎರಡು ಅರ್ಥಿಂಗ್ ದಾರಿಗಳ ನಡುವೆ ಸುತ್ತು ಬಿದ್ದು ಇದು ಆಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದಾಗ ನಮ್ಮ ಮನೆಯಲ್ಲಿ ನಿಂತಿತು. ಕೆಲವರು ಅರ್ಥ್ ಪಿನ್ ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ, ಜೀವಕ್ಕೆ ಅಪಾಯ.

ಕೆಳಗಿನ ಮನೆಯಲ್ಲಿ ಕೂತು ಕೇಳಿದ್ದು

ನನ್ನ ಮನೆಯಲ್ಲಿ ಕೂತು ಎಷ್ಟು ಲೆಕ್ಕ ಹಾಕಿದರೂ ಕೆಳಗೆ ಏನು ಕೇಳಿಸುತ್ತದೆ ಎಂದು ತಿಳಿಯುವುದಿಲ್ಲ. ಒಂದು ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಪಾರ್ಸೆಲ್ ಹಿಡಿದು ಹಿರಿಯರ ಮನೆಗೆ ಹೋದೆ. ಅವರ ಮಲಗುವ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಮೇಲೆ ಮಗ ಲ್ಯಾಪ್‌ಟಾಪ್‌ನಿಂದ ಒಂದೊಂದೇ ಸ್ವರ ನುಡಿಸುತ್ತಾ ಫೋನಿನಲ್ಲಿ ಹೇಳುತ್ತಿದ್ದ. 30 ಹರ್ಟ್ಜ್, ಏನೂ ಇಲ್ಲ. 35, ಇಲ್ಲ. 40, ಏನೋ ಇದ್ದ ಹಾಗೆ. 50, ಸಣ್ಣಗೆ. 56ಕ್ಕೆ ಬಂದಾಗ ಹಿರಿಯರು ಕೈ ಎತ್ತಿದರು. “ಇದಾ ನೋಡ್ರಿ ಆ ಮಷೀನು.” 65 ದಾಟಿದ ಮೇಲೆ ಮತ್ತೆ ಮೌನ.

ಕಾಗದದ ಮೇಲಿನ ಲೆಕ್ಕ ಹೀಗೆ ಬಂದು ಎದುರಿಗೆ ನಿಂತಾಗ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಒಂದೇ ಸ್ವರದ ತೊಂದರೆಗೆ ಎಲ್ಲ ಬೇಸ್ ಇಳಿಸಬೇಕಾಗಿಲ್ಲ. ಆ ಸ್ವರವನ್ನಷ್ಟೇ ಇಳಿಸಬಹುದು. ಇದಕ್ಕೆ ಪ್ಯಾರಾಮೆಟ್ರಿಕ್ ಇಕ್ವಲೈಸರ್ ಬೇಕು. ಕೆಲವು ಸಬ್‌ವೂಫರ್‌ಗಳ ಮೊಬೈಲ್ ಆಪ್‌ನಲ್ಲೇ ಇರುತ್ತದೆ. ಕಂಪ್ಯೂಟರ್‌ನಿಂದ ಹಾಡು ಹಾಕುವವರಿಗೆ ಉಚಿತ ಸಾಫ್ಟ್‌ವೇರ್ ಸಿಗುತ್ತದೆ. ನಾನು 56 ಹರ್ಟ್ಜ್‌ನಲ್ಲಿ 7 ಡೆಸಿಬಲ್ ಕೆತ್ತಿದೆ. ನನ್ನ ಸೋಫಾದಲ್ಲಿ ಹೆಚ್ಚು ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗುವುದೂ ಇಲ್ಲ, ಆ ಸ್ವರ ನನಗೆ ಮೊದಲೇ ಅರೆಬರೆ ಬರುತ್ತಿತ್ತು. ಕೆಳಗೆ ಮಾತ್ರ ಗಿರಣಿ ನಿಂತಿತು. ಹೆಚ್ಚು ಶಿಸ್ತಾಗಿ ಮಾಡುವವರು ಅಳತೆಯ ಮೈಕ್ ಕೊಂಡು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಕ್ಷೆ ತೆಗೆಯಬಹುದು. ಒಂದು ಎಚ್ಚರಿಕೆ. ನಕ್ಷೆಯಲ್ಲಿ ಗುಡ್ಡ ಕಂಡರೆ ಕಡಿಯಿರಿ, ಗುಂಡಿ ಕಂಡರೆ ತುಂಬಲು ಹೋಗಬೇಡಿ. ಗುಂಡಿ ಇರುವುದು ನೀವು ಕೂತ ಜಾಗದಲ್ಲಿ ಮಾತ್ರ. ಅಲ್ಲಿಗೆ ಎಂದು ಸುರಿದ ಬೇಸ್ ಬೇರೆ ಎಲ್ಲ ಕಡೆ ತುಂಬಿ ಹರಿಯುತ್ತದೆ.

ಇನ್ನು ನೆಲದ ವಿಷಯ. ಸಬ್‌ವೂಫರ್ ಕೆಳಗೆ ಇಡುವ ರಬ್ಬರ್ ಪ್ಯಾಡ್‌ಗಳ ಜಾಹೀರಾತು ನೋಡಿದರೆ ಅದೇ ಪವಾಡ ಅನ್ನಿಸುತ್ತದೆ. ಮರದ ನೆಲದ ದೇಶಗಳಲ್ಲಿ ಅದಕ್ಕೆ ಬೆಲೆ ಇದೆ. ನಮ್ಮದು ಕಾಂಕ್ರೀಟ್ ಸ್ಲ್ಯಾಬ್, ಮೇಲೆ ಟೈಲ್ಸ್. ಡಬ್ಬದ ಕಾಲಿನಿಂದ ಸ್ಲ್ಯಾಬ್‌ಗೆ ಇಳಿಯುವ ನಡುಕಕ್ಕಿಂತ ಗಾಳಿಯಿಂದ ಸ್ಲ್ಯಾಬ್ ಮೇಲೆ ಬೀಳುವ ಒತ್ತಡವೇ ಹೆಚ್ಚಿನ ಪಾಲು. ಪ್ಯಾಡ್ ಅದನ್ನು ಮುಟ್ಟುವುದೂ ಇಲ್ಲ. ಗಟ್ಟಿ ತೆಳು ರಬ್ಬರ್ ಬಿಲ್ಲೆ ಬೇಸ್‌ಗೆ ಲೆಕ್ಕಕ್ಕೇ ಇಲ್ಲ. ಡಬ್ಬದ ಭಾರಕ್ಕೆ ಎರಡು ಮೂರು ಮಿಲಿಮೀಟರ್ ಆದರೂ ಕುಗ್ಗುವಷ್ಟು ಮೆತ್ತಗಿದ್ದರೆ ಏನೋ ಸ್ವಲ್ಪ ಮಾಡೀತು. ನಾನು ಪಂಕ್ಚರ್ ಅಂಗಡಿಯಿಂದ ಹಳೆಯ ಸ್ಕೂಟರ್ ಟ್ಯೂಬ್ ತಂದು, ಅರೆಗಾಳಿ ತುಂಬಿ, ಮೇಲೆ ಉಳಿದ ಗ್ರಾನೈಟ್ ತುಂಡು ಇಟ್ಟು ಅದರ ಮೇಲೆ ಡಬ್ಬ ಕೂರಿಸಿದೆ. ಮುಟ್ಟಿ ನೋಡಿದರೆ ಟೈಲ್ಸ್ ನಡುಗುವುದು ನಿಂತಿತ್ತು. ಕೆಳಗಿನ ಮನೆಯಲ್ಲಿ? ಹಿರಿಯರು ಹತ್ತು ನಿಮಿಷ ಕಿವಿ ಕೊಟ್ಟು ಕೇಳಿ, “ಹಂಗೇ ಐತಿ” ಎಂದರು. ಅದಕ್ಕೇ ದಂಡ ಎಂದು ಹೇಳಿದ್ದು. ಟ್ಯೂಬ್ ಮಾತ್ರ ಹಾಗೇ ಇದೆ, ತೆಗೆಯಲು ಸೋಮಾರಿತನ.

ರಾತ್ರಿ ಹತ್ತರ ಮೇಲೆ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ಖಾಸಗಿ ಸೌಂಡ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಜಾಸ್ತಿ ಮೀರಬಾರದು. ಮೊಬೈಲ್ ಆಪ್‌ನಲ್ಲಿ ಅಳೆದು “ನಂದು 40 ತೋರಿಸ್ತಿದೆ, ನಿಮ್ದೇನು ತಕರಾರು?” ಎನ್ನುವವರನ್ನು ನೋಡಿದ್ದೇನೆ. ಅಲ್ಲೊಂದು ಮೋಸ ಇದೆ. ನಿಯಮದಲ್ಲಿರುವ ಡೆಸಿಬಲ್ ‘ಎ’ ತೂಕದ ಡೆಸಿಬಲ್. ಅದು ಬೇಸ್ ಅನ್ನು ಬಹಳ ಕಡಿಮೆ ಎಣಿಸುತ್ತದೆ. 50 ಹರ್ಟ್ಜ್‌ನಲ್ಲಿ 30 ಡೆಸಿಬಲ್ ಕಳೆದು ತೋರಿಸುತ್ತದೆ. ನಿಜವಾಗಿ 70 ಇರುವ ಗುಂಯ್ ಮೀಟರ್‌ನಲ್ಲಿ 40 ಆಗಿಬಿಡುತ್ತದೆ. ಹಾಗಾಗಿ ಮೀಟರ್ ತೋರಿಸಿ ಗೆಲ್ಲಬಹುದು, ಕೆಳಗಿನವರ ನಿದ್ದೆ ಮಾತ್ರ ಕೆಟ್ಟೇ ಇರುತ್ತದೆ.

ರಾತ್ರಿ ಇನ್ನೊಂದು ಆಸೆ ಹುಟ್ಟುತ್ತದೆ. ವಾಲ್ಯೂಮ್ ಇಳಿಸಿದಾಗ ಬೇಸ್ ಮಾಯವಾಗುತ್ತದೆ. ಮೇಲೆ ಹೇಳಿದ ಕಿವಿಯ ಅಂಚಿನದೇ ಆಟ ಅದು. ಆಗ ಸಬ್‌ವೂಫರ್ ನಾಬ್ ಕಡೆ ಕೈ ಹೋಗುತ್ತದೆ. ಊರು ಶಾಂತ ಆಗಿರುವ ಹೊತ್ತು ಅದು. ಪಿ.ಬಿ. ರಸ್ತೆಯ ಲಾರಿ, ಪಕ್ಕದವರ ಮಿಕ್ಸಿ, ಯಾವುದೂ ಮರೆ ಮಾಡಲು ಇರುವುದಿಲ್ಲ. ಹಗಲು ಫ್ಯಾನ್ ಸದ್ದಿನಲ್ಲಿ ಮುಚ್ಚಿಹೋಗುವ ಗುಂಯ್ ಆಗ ಎದ್ದು ಕೇಳುತ್ತದೆ. ನಾನು ಹತ್ತಾದ ಮೇಲೆ ಸಬ್‌ವೂಫರ್ ಆಫ್ ಮಾಡುತ್ತೇನೆ, ಸಿನಿಮಾ ನೋಡಬೇಕಿದ್ದರೆ ಹೆಡ್‌ಫೋನ್. ಟಿವಿ ಅಥವಾ ರಿಸೀವರ್‌ನಲ್ಲಿ ನೈಟ್ ಮೋಡ್ ಇದ್ದರೆ ಅದನ್ನೂ ಬಳಸಬಹುದು. ಅದು ಬಾಂಬ್ ಸದ್ದು ಇಳಿಸಿ ಮಾತಿನ ಸದ್ದು ಏರಿಸುತ್ತದೆ.

ಮಾರ್ಚ್ ಬಂದರೆ ಇನ್ನೊಂದು ಲೆಕ್ಕ. ಈ ಊರಿನಲ್ಲಿ ಯಾವ ಮಹಡಿಗೆ ಹೋದರೂ ಒಬ್ಬ ಪರೀಕ್ಷೆಗೆ ಓದುವ ಹುಡುಗನೋ ಹುಡುಗಿಯೋ ಇರುತ್ತಾರೆ. ಕಿಟಕಿಗಳೆಲ್ಲ ಸೆಕೆಗೆ ತೆರೆದೇ ಇರುತ್ತವೆ. ಎದುರು ಮನೆಯ ಹುಡುಗಿಯ ಪಿಯುಸಿ ಮುಗಿಯುವವರೆಗೆ ಸಬ್‌ವೂಫರ್ ಪ್ಲಗ್ಗನ್ನೇ ತೆಗೆದಿಟ್ಟಿದ್ದೆ.

ಈಗ ನಾಬ್ ಮೇಲೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಎರಡು ಕೆಂಪು ಚುಕ್ಕೆ ಇಟ್ಟಿದ್ದೇನೆ. ಒಂದು ಸಂಜೆಯದು. ಇನ್ನೊಂದು ಹಿರಿಯರು ಊರಿಗೆ ಹೋದಾಗಿನದು. 56ರ ಸ್ವರ ಪೂರ್ತಿ ಹೋಗಿಲ್ಲ. ಡೊಳ್ಳಿನ ಹಾಡು ಹಾಕಿದಾಗ ಬಚ್ಚಲಿನ ಡಕ್ಟ್‌ನಲ್ಲಿ ಇನ್ನೂ ಸಣ್ಣಗೆ ಗುಂಯ್ ಅನ್ನುತ್ತದೆ. ಸದ್ಯಕ್ಕೆ ಬಚ್ಚಲ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೇನೆ.